ಗಟ್ಟಿ ನೆಲದ ಬಿಗಿತ

ನನ್ನ ದುಡಿಮೆಯ ಬಹುಪಾಲು ಎರಡು ಕಲ್ಲುಗಳ ನಡುವಿನ ಸಂದಿನಲ್ಲಿ ಕಳೆದಿದೆ. ಆ ಸಂದಿನಲ್ಲಿ ಕಲ್ಲು ಕಲ್ಲನ್ನು ಹೇಗೆ ಹಿಡಿದುಕೊಳ್ಳುತ್ತದೆ, ಎಷ್ಟು ಹೊತ್ತು ಹಿಡಿದುಕೊಳ್ಳುತ್ತದೆ, ಯಾವಾಗ ಬಿಟ್ಟುಕೊಡುತ್ತದೆ ಎಂದು ಅಳೆಯುವುದೇ ನನ್ನ ಕೆಲಸ. ಭೂಕಂಪದ ಭೌತಶಾಸ್ತ್ರ ಅಂದಕೂಡಲೇ ಕೇಳಿದವರ ಕಣ್ಣಿಗೆ ಕುಸಿದ ಊರು ಕಾಣುತ್ತದೆ. ನನಗೆ ಮೊದಲು ಕಾಣುವುದು ಅಂಗೈಯಗಲದ ಗ್ರಾನೈಟ್ ತುಂಡು, ಅದರ ಮೈಮೇಲೆ ಉಜ್ಜಿ ಉದುರಿದ ಬಿಳಿ ಹಿಟ್ಟು. ಕುಸಿದ ಊರನ್ನೂ ಕಂಡಿದ್ದೇನೆ. ಆ ಊರಿನಿಂದಲೇ ಈ ತುಂಡಿನ ಹತ್ತಿರ ಬಂದೆ.

1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3 ಗಂಟೆ 56 ನಿಮಿಷ. ಹಿಂದಿನ ರಾತ್ರಿ ಅನಂತ ಚತುರ್ದಶಿ. ಗಣಪತಿಯನ್ನು ಕಳಿಸಿ ಬಂದ ಜನ ತಡವಾಗಿ ಮಲಗಿದ್ದರು. ನಮ್ಮದು ಆಳಂದದ ಕಡೆಯ ಹಳ್ಳಿ. ಅಲ್ಲಿಂದ ಉಮರ್ಗಾ ಹತ್ತಿರ, ಉಮರ್ಗಾ ದಾಟಿದರೆ ಕಿಲ್ಲಾರಿ. ಹೆಣ್ಣು ಕೊಡುವುದು, ತರುವುದು, ಎತ್ತಿನ ವ್ಯಾಪಾರ, ಜಾತ್ರೆ ಎಲ್ಲವೂ ರಾಜ್ಯದ ಗಡಿಯನ್ನು ಕೇಳದೆ ನಡೆಯುವ ಸೀಮೆ ಅದು. ಒಂದೇ ಪಡಸಾಲೆಯಲ್ಲಿ ಅತ್ತೆ ಮರಾಠಿ ಆಡಿದರೆ ಸೊಸೆ ಕನ್ನಡದಲ್ಲಿ ಉತ್ತರ ಕೊಡುತ್ತಾಳೆ. ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದ ನಾನು ಹಬ್ಬಕ್ಕೆಂದು ಊರಿಗೆ ಬಂದಿದ್ದೆ. ಮಾಡದಲ್ಲಿದ್ದ ತಾಮ್ರದ ಚರಿಗೆಗಳು ಒಂದಕ್ಕೊಂದು ಬಡಿದು ಉರುಳಿದವು, ಜಂತಿಯಿಂದ ಮಣ್ಣು ಸುರಿಯಿತು, ನಾವೆಲ್ಲ ಅಂಗಳಕ್ಕೆ ಓಡಿದೆವು. ನಮ್ಮ ಊರಿನಲ್ಲಿ ಅಷ್ಟಕ್ಕೇ ಮುಗಿಯಿತು. ಕಿಲ್ಲಾರಿಯ ಕಡೆಯ ಸುದ್ದಿ ಬರುವಷ್ಟರಲ್ಲಿ ಹೊತ್ತು ಏರಿತ್ತು.

ಮರುದಿನ ಊರಿನವರು ಮನೆಮನೆಯಿಂದ ರೊಟ್ಟಿ, ಚಾದರ ಕೂಡಿಸಿ ಲಾರಿಯಲ್ಲಿ ಹೊರಟಾಗ ನಾನೂ ಹತ್ತಿದೆ. ಅಲ್ಲಿ ಕಂಡದ್ದನ್ನೆಲ್ಲ ಬರೆಯಲಾರೆ. ಒಂದನ್ನು ಮಾತ್ರ ಬರೆಯಲೇಬೇಕು, ಮನೆಗಳು ಬಿದ್ದಿದ್ದ ರೀತಿ. ಮೊಳಗಟ್ಟಲೆ ದಪ್ಪದ ಕಲ್ಲಿನ ಗೋಡೆ. ಹೊರಮುಖಕ್ಕೆ ಒಂದು ಸಾಲು ಕಲ್ಲು, ಒಳಮುಖಕ್ಕೆ ಒಂದು ಸಾಲು, ನಡುವೆ ಮಣ್ಣು ಮತ್ತು ಚೂರುಗಲ್ಲು. ಮೇಲೆ ಕಟ್ಟಿಗೆಯ ತೊಲೆಗಳ ಮೇಲೆ ಹಾಸಿದ ಮಣ್ಣಿನ ಮಾಳಿಗೆ. ಸೋರಬಾರದೆಂದು ವರ್ಷವರ್ಷವೂ ಮಳೆಗಾಲದ ಮುಂಚೆ ಅದಕ್ಕೆ ಹೊಸ ಮಣ್ಣು ಬೀಳುತ್ತದೆ, ಹಳೆಯದನ್ನು ಯಾರೂ ಇಳಿಸುವುದಿಲ್ಲ. ನೆಲ ಅಲುಗಿದಾಗ ಗೋಡೆಯ ಎರಡು ಮುಖಗಳು ಎರಡು ಕಡೆಗೆ ಬಾಯ್ಬಿಟ್ಟು ಬಿದ್ದಿದ್ದವು, ತಲೆಮಾರುಗಳ ಮಣ್ಣು ನಡುವೆ ಇಳಿದಿತ್ತು. ನಾನು ಹುಟ್ಟಿದ ಮನೆಯೂ ಅಂಥದ್ದೇ. ಆ ಸೀಮೆಯಲ್ಲಿ ಸತ್ತವರು ಸುಮಾರು ಹತ್ತು ಸಾವಿರ ಜನ. ಕಂಪನದ ಪ್ರಮಾಣ 6.2. ಇದೇ ಪ್ರಮಾಣದ ಕಂಪನಗಳು ಜಗತ್ತಿನಲ್ಲಿ ವರ್ಷಕ್ಕೆ ನೂರರ ಆಸುಪಾಸಿನಲ್ಲಿ ಆಗುತ್ತವೆ, ಹೆಚ್ಚಿನವು ಯಾರ ಪ್ರಾಣವನ್ನೂ ತೆಗೆಯುವುದಿಲ್ಲ.

ನಮ್ಮ ದೊಡ್ಡವ್ವನ ತವರಿನ ಕಡೆಯ ಮುತ್ಯಾ ಒಬ್ಬರು ಬೇವಿನ ಗಿಡದ ಕೆಳಗೆ ಕೂತಿದ್ದರು. ರೊಟ್ಟಿ ಕೊಡಲು ಹೋದಾಗ ನನ್ನ ಗುರುತು ಹಿಡಿದು ಕೇಳಿದರು: “ತಮ್ಮಾ, ನೀ ಸಾಲಿ ಕಲ್ತಾಂವ. ಇದು ಇಲ್ಲಿಗೇ ಯಾಕ ಬಂತು?”

ನಾನು ಓದಿದ್ದ ಭೂಗೋಳದಲ್ಲಿ ಇದಕ್ಕೆ ಉತ್ತರವೇ ಇರಲಿಲ್ಲ. ಭೂಕಂಪವೆಂದರೆ ಹಿಮಾಲಯ, ಅಸ್ಸಾಂ, ಕಛ್. ದಕ್ಷಿಣದ ಪ್ರಸ್ಥಭೂಮಿ ಕೋಟ್ಯಂತರ ವರ್ಷಗಳಿಂದ ತಣ್ಣಗೆ, ಗಟ್ಟಿಯಾಗಿ ಕೂತ ನೆಲ ಎಂದು ನಾವೆಲ್ಲ ಕಲಿತಿದ್ದೆವು. ದೇಶದ ಭೂಕಂಪ ನಕ್ಷೆಯಲ್ಲೂ ಕಿಲ್ಲಾರಿ ಇದ್ದದ್ದು ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿ. ಆ ವಲಯವನ್ನೇ ಮುಂದೆ 2002ರಲ್ಲಿ ನಕ್ಷೆಯಿಂದ ತೆಗೆದು ಎರಡನೆಯದರಲ್ಲಿ ಸೇರಿಸಿದರು. ಹಿಂದಿನ ವರ್ಷ, 1992ರ ಅಕ್ಟೋಬರ್ ಹೊತ್ತಿಗೆ, ಕಿಲ್ಲಾರಿಯ ಜನರಿಗೆ ಸಣ್ಣಸಣ್ಣ ಕಂಪನಗಳು ಗೊತ್ತಾಗಿದ್ದವು. ಹೆದರಿ ಹೊರಗೆ ಮಲಗಿದ್ದರು. ಆಮೇಲೆ ಅವು ನಿಂತವು, ಜನ ಒಳಗೆ ಹೋದರು. ಮುತ್ಯಾನ ಪ್ರಶ್ನೆಯಲ್ಲಿ ಇದೆಲ್ಲವೂ ಸೇರಿತ್ತು. ಇಷ್ಟು ಗಟ್ಟಿಯಾದ ನೆಲ ಒಡೆದದ್ದು ಹೇಗೆ?

ಉತ್ತರ ಹುಡುಕುತ್ತ ನಾನು ಮೊದಲು ಓದಿದ್ದು 1906ರ ಸ್ಯಾನ್‌ಫ್ರಾನ್ಸಿಸ್ಕೋ ಭೂಕಂಪದ ಕಥೆ. ಏಪ್ರಿಲ್ 18ರ ಆ ಕಂಪನದಲ್ಲಿ ಸ್ಯಾನ್ ಆಂಡ್ರಿಯಾಸ್ ಎಂಬ ಉದ್ದನೆಯ ಸ್ತರಭಂಗ, ಅಂದರೆ ನೆಲದ ಒಳಗಿನ ಸೀಳು, ಜಾರಿತು. ಅದನ್ನು ಅಡ್ಡಹಾಯ್ದಿದ್ದ ಬೇಲಿಗಳು, ರಸ್ತೆಗಳು ಕೆಲವು ಕಡೆ ಐದಾರು ಮೀಟರ್ ಪಕ್ಕಕ್ಕೆ ಸರಿದವು. ಹ್ಯಾರಿ ಫೀಲ್ಡಿಂಗ್ ರೀಡ್ ಎಂಬ ಭೌತವಿಜ್ಞಾನಿ ಭೂಕಂಪಕ್ಕೆ ಮುಂಚೆ ಐವತ್ತು ವರ್ಷಗಳ ಉದ್ದಕ್ಕೂ ನಡೆದ ಭೂಮಾಪನದ ಲೆಕ್ಕಗಳನ್ನು ತೆಗೆದು, ಕಂಪನದ ನಂತರದ ಅಳತೆಯ ಜತೆ ಹೋಲಿಸಿದರು. ಸೀಳಿನಿಂದ ದೂರದ ಗುಡ್ಡಗಳು ಮೊದಲಿನಿಂದಲೂ ನಿಧಾನವಾಗಿ ಸರಿಯುತ್ತಲೇ ಇದ್ದವು. ಸೀಳಿನ ಅಂಚು ಮಾತ್ರ ಸರಿಯದೆ ಕಚ್ಚಿಕೊಂಡಿತ್ತು. ನಡುವಿನ ಬಂಡೆ ಬಾಗಿತ್ತು, ಬಿಗಿದುಕೊಂಡಿತ್ತು. ಏಪ್ರಿಲ್ 18ರಂದು ಆ ಕಚ್ಚು ಬಿಟ್ಟಿತು, ಬಾಗಿದ್ದ ಬಂಡೆ ನೆಟ್ಟಗಾಯಿತು. 1910ರಲ್ಲಿ ಅವರು ಪ್ರಕಟಿಸಿದ ಈ ವಿಚಾರವೇ ಇಂದಿಗೂ ನಮ್ಮ ಶಾಸ್ತ್ರದ ಅಡಿಗಲ್ಲು. ಜನ ಭೂಕಂಪದ ಕಾರಣವನ್ನು ಆ ಕ್ಷಣದಲ್ಲಿ ಹುಡುಕುತ್ತಾರೆ. ರೀಡ್ ಅದನ್ನು ಅದರ ಹಿಂದಿನ ಶತಮಾನದಲ್ಲಿ ಹುಡುಕಿದರು.

ಆದರೆ ಕಚ್ಚು ಬಿಡುವುದು ಯಾಕೆ, ಯಾವಾಗ ಎಂಬುದು ರೀಡ್ ಅವರ ಲೆಕ್ಕದಲ್ಲಿ ಇರಲಿಲ್ಲ. ಅದಕ್ಕೆ ಅರ್ಧ ಶತಮಾನ ಕಾಯಬೇಕಾಯಿತು. 1966ರಲ್ಲಿ ಅಮೆರಿಕದ ಎಂಐಟಿಯ ಬ್ರೇಸ್ ಮತ್ತು ಬೈಯರ್ಲಿ ಇಬ್ಬರೂ ಗ್ರಾನೈಟನ್ನು ಯಂತ್ರದಲ್ಲಿ ಒತ್ತಿ, ಅದರ ಒಡಕಿನ ಮೇಲೆ ಜಾರಿಸಿ ನೋಡಿ, ಭೂಕಂಪವೆಂದರೆ ಹೊಸದಾಗಿ ಕಲ್ಲು ಒಡೆಯುವುದಲ್ಲ, ಹಳೆಯ ಒಡಕು ಹಿಡಿದು ಬಿಟ್ಟು ಹಿಡಿದು ಬಿಟ್ಟು ಜಾರುವುದು ಎಂದು ವಾದಿಸಿದರು. ಭಾರದ ಬೀರುವನ್ನು ನೆಲದ ಮೇಲೆ ತಳ್ಳಿದವರಿಗೆ ಇದು ಗೊತ್ತು. ಅದು ಒಂದೇ ಸಮನೆ ಸರಿಯುವುದಿಲ್ಲ. ನಿಲ್ಲುತ್ತದೆ, ಧಡಕ್ಕನೆ ಜಿಗಿಯುತ್ತದೆ, ಮತ್ತೆ ನಿಲ್ಲುತ್ತದೆ. ಇದನ್ನು ಓದಿದ ದಿನ ನನಗೆ ದಾರಿ ಕಂಡಿತು. ಘರ್ಷಣೆಯನ್ನು ನಾನು ಪಿಯುಸಿಯಲ್ಲಿ ಎರಡು ಪುಟದ ಪಾಠವಾಗಿ ಓದಿ ಬಿಟ್ಟಿದ್ದೆ. ಹತ್ತು ಸಾವಿರ ಜನರ ಸಾವು ಆ ಎರಡು ಪುಟಗಳ ಒಳಗಿತ್ತು.

ಸಂಶೋಧನೆಗೆಂದು ವಿದೇಶದ ಒಂದು ವಿಶ್ವವಿದ್ಯಾಲಯಕ್ಕೆ ಹೋದೆ. ನೆಲಮಾಳಿಗೆಯ ಪ್ರಯೋಗಾಲಯ, ಮೂರು ಗ್ರಾನೈಟ್ ಇಟ್ಟಿಗೆಗಳನ್ನು ಸಾಲಾಗಿ ನಿಲ್ಲಿಸಿ, ಎರಡು ಬದಿಯಿಂದ ಹೈಡ್ರಾಲಿಕ್ ದಂಡಗಳಿಂದ ಅದುಮಿ, ನಡುವಿನದನ್ನು ಮೇಲಿಂದ ಒತ್ತುವ ಯಂತ್ರ. ಕಲ್ಲಿನ ಮೈಯನ್ನು ಮೊದಲು ಹರಳುಪುಡಿಯಿಂದ ಉಜ್ಜಿ ಒಂದೇ ಹದದ ಒರಟು ತರಬೇಕು. ಆ ಉಜ್ಜುವ ಕೆಲಸ ಹೊಸಬರ ಪಾಲು. ಬೆರಳ ಸಂದುಗಳಲ್ಲಿ ಕಲ್ಲಿನ ಹಿಟ್ಟು ಹತ್ತಿಕೊಂಡು ವಾರಗಟ್ಟಲೆ ಹೋಗುತ್ತಿರಲಿಲ್ಲ.

ಅಲ್ಲಿ ಕಲಿತ ಮೊದಲ ಸಂಗತಿ: ಎರಡು ಕಲ್ಲುಗಳು ಮುಟ್ಟಿಕೊಂಡಿವೆ ಎಂದು ಕಣ್ಣಿಗೆ ಕಂಡರೂ ನಿಜವಾಗಿ ಮುಟ್ಟುವ ಜಾಗ ಸಾವಿರದಲ್ಲಿ ಒಂದು ಪಾಲೂ ಇರುವುದಿಲ್ಲ. ಒರಟಿನ ಕೆಲವೇ ತುದಿಗಳು ಇಡೀ ಭಾರವನ್ನು ಹೊರುತ್ತವೆ. ಎರಡನೆಯದು, ಆ ತುದಿಗಳು ಸುಮ್ಮನೆ ಇರುವುದಿಲ್ಲ. ಒತ್ತಿ ಇಟ್ಟಷ್ಟು ಹೊತ್ತೂ ಅವು ನಿಧಾನವಾಗಿ ಚಪ್ಪಟೆಯಾಗಿ ಹರಡುತ್ತವೆ, ಹಿಡಿತ ಬಲಿಯುತ್ತದೆ. ಜಾರಿಸಿ, ನಿಲ್ಲಿಸಿ, ಕಾದು, ಮತ್ತೆ ಜಾರಿಸಿದರೆ ಇದು ಅಳತೆಗೆ ಸಿಗುತ್ತದೆ. ಹತ್ತು ಸೆಕೆಂಡು ಕಾದರೆ ಒಂದಿಷ್ಟು, ನೂರು ಸೆಕೆಂಡಿಗೆ ಮತ್ತೆ ಅಷ್ಟೇ, ಸಾವಿರಕ್ಕೆ ಮತ್ತೆ ಅಷ್ಟೇ. ಕಾಲ ಹತ್ತು ಪಟ್ಟಾದಾಗೆಲ್ಲ ಹಿಡಿತ ನೂರರಲ್ಲಿ ಒಂದೆರಡು ಪಾಲು ಏರುತ್ತದೆ. 1970ರ ದಶಕದಲ್ಲಿ ಜೇಮ್ಸ್ ಡೀಟರಿಕ್ ಇದನ್ನು ಅಳೆದು ನಿಯಮವಾಗಿ ಬರೆದರು. 1983ರಲ್ಲಿ ಆಂಡಿ ರೂಯಿನಾ ಅದಕ್ಕೆ ಗಣಿತದ ಪೂರ್ಣ ರೂಪ ಕೊಟ್ಟರು. ಹತ್ತು ಸಾವಿರ ಸೆಕೆಂಡಿನ ಸರದಿ ಬಂದಾಗ ನಾವು ಊಟಕ್ಕೆ ಹೋಗಿ ಬರುತ್ತಿದ್ದೆವು. ಅದರ ಮುಂದಿನ ಸರದಿಗೆ ಪೂರ್ತಿ ಒಂದು ದಿನ ಬೇಕು. ಕಲ್ಲನ್ನು ಬಿಟ್ಟು ಮನೆಗೆ ಹೋಗಿ ಮಲಗಿದರೂ ಆ ಸಂದಿನಲ್ಲಿ ಏನೋ ಬಲಿಯುತ್ತಲೇ ಇದೆ ಎಂಬುದು ತಲೆಯಿಂದ ಹೋಗುತ್ತಿರಲಿಲ್ಲ. ಕಿಲ್ಲಾರಿಯ ಸೀಳು ಹಾಗೆ ಸಾವಿರಾರು ವರ್ಷ ಬಲಿತಿತ್ತು.

ಯಂತ್ರದ ಗಡಸುತನ ನನಗೆ ಇನ್ನೂ ದೊಡ್ಡ ಪಾಠ ಕಲಿಸಿತು. ಅದೇ ಕಲ್ಲು, ಅದೇ ಒತ್ತಡ. ಯಂತ್ರ ಗಡಸಾಗಿದ್ದರೆ ನಡುವಿನ ಇಟ್ಟಿಗೆ ಸದ್ದಿಲ್ಲದೆ ಇಳಿಯುತ್ತದೆ. ಒತ್ತುವ ದಂಡಕ್ಕೆ ಒಂದು ಸ್ಪ್ರಿಂಗು ಸೇರಿಸಿ ಮೆತ್ತಗೆ ಮಾಡಿದರೆ ಅದೇ ಇಟ್ಟಿಗೆ ಬಹಳ ಹೊತ್ತು ಅಲ್ಲಾಡದೆ ನಿಂತು, ಆಮೇಲೆ ಕೋಣೆ ನಡುಗುವಂತೆ ‘ಢಣ್’ ಎಂದು ಜಿಗಿಯುತ್ತದೆ. ಜಾರಿದ ದೂರ ಮಿಲಿಮೀಟರಿನ ಸಣ್ಣ ಪಾಲು. ಮೊದಲ ಸಲ ಆ ಸದ್ದು ಕೇಳಿದಾಗ ರಾತ್ರಿಯಾಗಿತ್ತು, ಒಬ್ಬನೇ ಇದ್ದೆ, ಮೈ ಜುಮ್ಮೆಂದಿತು. ಸದ್ದಿನ ಕಾರಣ ಹೀಗೆ: ಜಾರತೊಡಗಿದ ಮೇಲೆ ಹಳೆಯ ಹಿಡಿತಗಳು ಹೋಗಿ, ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಸರಿಯುವುದರೊಳಗೆ ಘರ್ಷಣೆ ತಗ್ಗುತ್ತದೆ. ಯಂತ್ರದ ಒತ್ತು ಅದಕ್ಕಿಂತ ಬೇಗ ತಗ್ಗಿದರೆ ಇಟ್ಟಿಗೆ ನಿಲ್ಲುತ್ತದೆ. ತಡವಾಗಿ ತಗ್ಗಿದರೆ ಉಳಿದ ಒತ್ತು ಇಟ್ಟಿಗೆಯನ್ನು ಓಡಿಸುತ್ತದೆ. ನೆಲದೊಳಗೆ ಯಂತ್ರದ ಜಾಗದಲ್ಲಿರುವುದು ಸುತ್ತಲಿನ ಬಂಡೆ. ಜಾರುವ ಜಾಗ ಚಿಕ್ಕದಿದ್ದಾಗ ಬಂಡೆ ಅದಕ್ಕೆ ಗಡಸಾಗಿ ವರ್ತಿಸುತ್ತದೆ, ಜಾಗ ಹಿಗ್ಗಿದಂತೆ ಮೆತ್ತಗಾಗುತ್ತದೆ. ಆದ್ದರಿಂದ ಸೀಳಿನಲ್ಲಿ ಒಂದು ತುಣುಕು ಸದ್ದಿಲ್ಲದೆ ಸರಿಯುತ್ತಿರಬಹುದು. ಅದರ ಅಗಲ ಒಂದು ಮಿತಿಯನ್ನು ದಾಟಿತೋ, ಬಿರುಕು ಸೆಕೆಂಡಿಗೆ ಎರಡು ಮೂರು ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಕಿಲ್ಲಾರಿಯಲ್ಲಿ ಅದು ಓಡಿದ್ದು ಕೆಲವೇ ಸೆಕೆಂಡು.

ಇಷ್ಟೆಲ್ಲ ತಿಳಿದರೂ ಮುತ್ಯಾನ ‘ಇಲ್ಲಿಗೇ ಯಾಕ’ ಹಾಗೇ ಉಳಿದಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಕೊಯ್ನಾದಲ್ಲಿ.

ಧಾರವಾಡದಲ್ಲಿ ನಮಗೆ ಪಾಠ ಹೇಳಿದ ಮೇಷ್ಟ್ರೊಬ್ಬರು ಬೆಳಗಾವಿಯ ಕಡೆಯವರು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಅವರ ಮನೆಯ ಹೆಂಚುಗಳು ಸದ್ದು ಮಾಡಿದ್ದನ್ನು ಅವರು ತರಗತಿಯಲ್ಲಿ ಹೇಳುತ್ತಿದ್ದರು. ಕಂಪನ ಹುಟ್ಟಿದ್ದು ಸಹ್ಯಾದ್ರಿಯ ಕೊಯ್ನಾ ಅಣೆಕಟ್ಟಿನ ಹತ್ತಿರ. ಪ್ರಮಾಣ 6.3. ಸುಮಾರು ಇನ್ನೂರು ಜನ ಸತ್ತರು, ಕೊಯ್ನಾನಗರ ಹಾಳಾಯಿತು, 103 ಮೀಟರ್ ಎತ್ತರದ ಅಣೆಕಟ್ಟಿನಲ್ಲೂ ಬಿರುಕು ಬಿಟ್ಟಿತು. ಶಿವಾಜಿ ಸಾಗರದಲ್ಲಿ ನೀರು ನಿಲ್ಲಿಸಲು ಶುರುಮಾಡಿದ್ದು 1962ರಲ್ಲಿ; ಸಣ್ಣ ಕಂಪನಗಳು ಅದರ ಬೆನ್ನಿಗೇ ಶುರುವಾಗಿದ್ದವು. ಆವತ್ತಿನಿಂದ ಅಲ್ಲಿನ ನೆಲ ನಿಂತಿಲ್ಲ. ಉದ್ದ ಮೂವತ್ತು, ಅಗಲ ಇಪ್ಪತ್ತು ಕಿಲೋಮೀಟರಿನ ಒಂದೇ ತುಂಡು ಭೂಮಿಯಲ್ಲಿ 5ಕ್ಕಿಂತ ಹೆಚ್ಚಿನ ಪ್ರಮಾಣದ ಕಂಪನಗಳೇ ಇಪ್ಪತ್ತಕ್ಕೂ ಹೆಚ್ಚು ಆಗಿವೆ. ಮಳೆಗಾಲದ ನೀರು ತುಂಬಿದ ಮೇಲೆ ಸೆಪ್ಟೆಂಬರ್ ಹೊತ್ತಿಗೊಮ್ಮೆ, ಚಳಿಗಾಲದಲ್ಲೊಮ್ಮೆ ಅವು ಹೆಚ್ಚುತ್ತವೆ. ದಕ್ಷಿಣಕ್ಕೆ ವಾರಣಾ ಜಲಾಶಯ ತುಂಬಿದ ಮೇಲೆ ಆ ಕಡೆಗೂ ಹಬ್ಬಿದವು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಹರ್ಷ ಗುಪ್ತಾ ಮತ್ತು ಅವರ ಜತೆಗಾರರು ದಶಕಗಳ ಕಾಲ ಇದನ್ನು ಪಟ್ಟುಹಿಡಿದು ಅಭ್ಯಾಸ ಮಾಡಿದ್ದರಿಂದ ಜಲಾಶಯದಿಂದ ಕೆರಳುವ ಭೂಕಂಪಕ್ಕೆ ಕೊಯ್ನಾಗಿಂತ ಒಳ್ಳೆಯ ಉದಾಹರಣೆ ಜಗತ್ತಿನಲ್ಲಿ ಇಲ್ಲ ಎಂಬಂತಾಗಿದೆ.

ಊರಿಗೆ ಮರಳಿ ಪಾಠ ಹೇಳತೊಡಗಿದ ಮೇಲೆ ನಾನು ವಿದ್ಯಾರ್ಥಿಗಳಿಂದ ಕೊಯ್ನಾದ ಲೆಕ್ಕವೊಂದನ್ನು ಮಾಡಿಸುತ್ತೇನೆ. ನೂರು ಮೀಟರ್ ನೀರಿನ ತಳದಲ್ಲಿ ಒತ್ತಡ ಎಷ್ಟು? ಸುಮಾರು ಒಂದು ಮೆಗಾಪಾಸ್ಕಲ್. ಐದು ಕಿಲೋಮೀಟರ್ ಆಳದಲ್ಲಿ, ಕಂಪನ ಹುಟ್ಟುವ ಜಾಗದಲ್ಲಿ, ಮೇಲಿನ ಬಂಡೆಯ ಭಾರದಿಂದಲೇ ಇರುವ ಒತ್ತಡ ಎಷ್ಟು? ಸುಮಾರು 130 ಮೆಗಾಪಾಸ್ಕಲ್. ಕೆರೆಯ ಒತ್ತಡ ಅಷ್ಟು ಆಳಕ್ಕೆ ಇಳಿಯುವಷ್ಟರಲ್ಲಿ ಇನ್ನೂ ತಗ್ಗುತ್ತದೆ. ಅಷ್ಟು ಅಲ್ಪದಿಂದ ಅಷ್ಟು ದೊಡ್ಡದು ಹೇಗೆ ಅಲುಗಿತು? ವಿದ್ಯಾರ್ಥಿಗಳು ಮೊದಲು ಲೆಕ್ಕವೇ ತಪ್ಪಿದೆ ಅನ್ನುತ್ತಾರೆ. ಆಮೇಲೆ ಸುಮ್ಮನಾಗುತ್ತಾರೆ. ಅಲ್ಪದ್ದು ಸಾಕಾಗಬೇಕಾದರೆ ಬಂಡೆ ಮೊದಲೇ ಜಾರುವ ಅಂಚಿನಲ್ಲಿ ಇದ್ದಿರಬೇಕು. ಬೇರೆ ದಾರಿಯಿಲ್ಲ.

ನೀರು ಎರಡು ಕೆಲಸ ಮಾಡುತ್ತದೆ. ಮೇಲಿಂದ ಭಾರ ಹೇರುತ್ತದೆ. ಬಿರುಕುಗಳಲ್ಲಿ ಇಳಿದು ಸೀಳಿನ ಎರಡು ಮೈಗಳನ್ನು ಒಳಗಿನಿಂದ ದೂಡಿ, ಅವುಗಳ ಪರಸ್ಪರ ಅದುಮನ್ನು ಸಡಿಲಿಸುತ್ತದೆ. ಅದುಮು ಸಡಿಲಿದರೆ ಘರ್ಷಣೆ ಕಡಿಮೆ. ಈ ಎರಡನೆಯ ಕೆಲಸವನ್ನು ಅಮೆರಿಕದ ಕೊಲೊರಾಡೋದಲ್ಲಿ ಬೇಕೆಂದೇ ಪರೀಕ್ಷಿಸಿದ್ದಾರೆ. ಡೆನ್ವರಿನ ಹತ್ತಿರ 1962ರಲ್ಲಿ ಸೈನ್ಯದ ರಾಸಾಯನಿಕ ಕಾರ್ಖಾನೆಯ ಕೊಳಕು ನೀರನ್ನು ಮೂರೂವರೆ ಕಿಲೋಮೀಟರಿಗೂ ಆಳದ ಬಾವಿಗೆ ಒತ್ತಿದ ಮೇಲೆ ಅಲ್ಲಿ ಕಂಪನಗಳು ಶುರುವಾದವು. ಅದನ್ನು ನೋಡಿ ರೇಂಜ್ಲಿ ಎಂಬಲ್ಲಿನ ಎಣ್ಣೆ ಬಾವಿಗಳಲ್ಲಿ ವಿಜ್ಞಾನಿಗಳು ನೀರಿನ ಒತ್ತಡವನ್ನು ಏರಿಸಿ ಇಳಿಸಿ ನೋಡಿದರು. ಏರಿಸಿದರೆ ಕಂಪನ, ಇಳಿಸಿದರೆ ಶಾಂತ. ಎಷ್ಟು ಒತ್ತಡಕ್ಕೆ ಸೀಳು ಜಾರೀತು ಎಂದು ಅಲ್ಲಿನ ಕಲ್ಲಿನ ಘರ್ಷಣೆಯಿಂದ ಹಾಕಿದ ಲೆಕ್ಕ ಹೊಂದಿಕೊಂಡಿತು. 1976ರಲ್ಲಿ ಪ್ರಕಟವಾದ ಆ ಲೇಖನವನ್ನು ನಾನು ಇಂದಿಗೂ ಪ್ರತಿ ಬ್ಯಾಚಿಗೂ ಓದಿಸುತ್ತೇನೆ.

ಹಾಗಾದರೆ ಬಂಡೆಯನ್ನು ಜಾರುವ ಅಂಚಿಗೆ ತಂದದ್ದು ಯಾವುದು? ಭಾರತದ ಭೂಫಲಕ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿದು ಏಷ್ಯಾವನ್ನು ಒತ್ತುತ್ತಿದೆ. ಆ ಒತ್ತು ಹಿಮಾಲಯದಲ್ಲಿ ಮಾತ್ರ ಇದೆ ಎಂದುಕೊಳ್ಳುವುದು ಸರಿಯಲ್ಲ. ಗಟ್ಟಿ ಬಂಡೆ ಅದನ್ನು ಸೋರಲು ಬಿಡದೆ ದಖ್ಖನ್ನಿನವರೆಗೂ ಸಾಗಿಸುತ್ತದೆ. ಮೆತ್ತನೆಯ ನೆಲವಾಗಿದ್ದರೆ ಬಾಗಿ, ಹರಿದು, ಬಿಗಿತವನ್ನು ಕಳೆದುಕೊಳ್ಳುತ್ತಿತ್ತು. ಕಪ್ಪು ಕಲ್ಲಿನ ಹಾಸು ಕಿಲ್ಲಾರಿಯಲ್ಲಿ 338 ಮೀಟರ್ ದಪ್ಪವಿದೆ ಎಂದು ಭೂಕಂಪವಾದ ಮೇಲೆ ಕೊರೆದು ನೋಡಿದಾಗ ಗೊತ್ತಾಯಿತು. ಅದರ ಕೆಳಗೆ ನೂರಾರು ಕೋಟಿ ವರ್ಷ ಹಳೆಯ ಗ್ರಾನೈಟಿನ ಜಾತಿಯ ಬಂಡೆ. ಗಟ್ಟಿಯಾಗಿರುವುದರಿಂದಲೇ ಅದು ಬಿಗಿತವನ್ನು ತನ್ನ ಹಿಡಿತದ ಮಿತಿಯ ಹತ್ತಿರದವರೆಗೂ ಹೊತ್ತು ನಿಲ್ಲಬಲ್ಲದು. ಹಾಗೆ ನಿಂತ ಬಂಡೆಯ ಯಾವುದೋ ಹಳೆಯ ಸೀಳು ಆವತ್ತು ಬಿಟ್ಟುಕೊಟ್ಟಿತು, ಒಂದು ಬದಿ ಇನ್ನೊಂದರ ಮೇಲೆ ಏರಿತು, ಹೊಲದಲ್ಲಿ ನೆಲ ಉಬ್ಬಿತು. ಹತ್ತಿರದ ತೇರಣಾ ನದಿಯ ಜಲಾಶಯಕ್ಕೂ ಇದಕ್ಕೂ ನಂಟಿದೆಯೇ ಎಂಬ ಚರ್ಚೆ ನಡೆದಿದೆ. ನನಗೆ ಅದಕ್ಕಿಂತ ಮುಖ್ಯವಾದದ್ದು, ಅಷ್ಟು ಅಲ್ಪದಿಂದಲೂ ಆಗಬಹುದಿತ್ತು ಎಂಬುದು. ಗಟ್ಟಿತನವೂ ಅಪಾಯವೂ ಒಂದೇ ಬಂಡೆಯ ಗುಣ. ನಕ್ಷೆ ಮಾಡಿದವರೂ ಪುಸ್ತಕ ಬರೆದವರೂ ಅಪರೂಪವಾದದ್ದನ್ನು ಇಲ್ಲದ್ದೆಂದು ಎಣಿಸಿದ್ದರು. ಕಿಲ್ಲಾರಿಯಂಥ ಸೀಳಿಗೆ ಎರಡು ಕಂಪನಗಳ ನಡುವೆ ಸಾವಿರಾರು ವರ್ಷ ಹಿಡಿಯುತ್ತದೆ. ಮನುಷ್ಯರ ನೆನಪಿಗೆ ಅಷ್ಟು ಉದ್ದವಿಲ್ಲ.

ಕರ್ನಾಟಕದಲ್ಲಿಯೇ ಭೂಮಿಯ ಸದ್ದನ್ನು ಅತಿ ಸೂಕ್ಷ್ಮವಾಗಿ ಕೇಳುವ ಜಾಗವೊಂದಿದೆ, ಗೌರಿಬಿದನೂರು. ಮುಂದೆ ಭಾಭಾ ಅಣು ಸಂಶೋಧನಾ ಕೇಂದ್ರ ಎಂದು ಹೆಸರಾದ ಸಂಸ್ಥೆ 1965ರಲ್ಲಿ ಬ್ರಿಟನ್ನಿನ ಸಹಕಾರದಿಂದ ಅಲ್ಲಿ ಕಂಪನಮಾಪಕಗಳ ಸಾಲನ್ನು ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಹೂಡಿತು. ಉದ್ದೇಶ, ದೂರದೇಶಗಳ ಅಣುಬಾಂಬು ಪರೀಕ್ಷೆಗಳನ್ನು ಹಿಡಿಯುವುದು. ವಿದ್ಯಾರ್ಥಿಯಾಗಿದ್ದಾಗ ಅಲ್ಲಿಗೆ ಹೋಗಿದ್ದೆ. ಬಾಂಬು ಎಲ್ಲ ದಿಕ್ಕಿಗೂ ನೆಲವನ್ನು ಹೊರಕ್ಕೆ ದೂಡುತ್ತದೆ. ಭೂಕಂಪ ಎರಡು ದಿಕ್ಕಿಗೆ ದೂಡಿ, ಎರಡು ದಿಕ್ಕಿನಲ್ಲಿ ಎಳೆಯುತ್ತದೆ, ಏಕೆಂದರೆ ಅದು ಜಾರುವಿಕೆ. ಸಾವಿರಾರು ಕಿಲೋಮೀಟರ್ ದೂರದಲ್ಲಿ ಸೂಜಿ ಮೊದಲು ಮೇಲಕ್ಕೆ ಹೋಯಿತೋ ಕೆಳಕ್ಕೆ ಹೋಯಿತೋ ಎಂಬುದನ್ನು ಕೂಡಿಸಿ ಕೂಡಿಸಿ, ಸೀಳು ಯಾವ ದಿಕ್ಕಿಗೆ ಜಾರಿತೆಂದು ಹೇಳಬಹುದು. ಭೌತಶಾಸ್ತ್ರ ಇಷ್ಟು ಮಾತ್ರ ಕೊಟ್ಟಿದ್ದರೂ ನಾನು ಇದನ್ನೇ ಹಿಡಿದಿರುತ್ತಿದ್ದೆ.

ಜನ ಕೇಳುವುದು ಮಾತ್ರ ಇನ್ನೊಂದನ್ನು. ಮುಂದಿನದು ಯಾವಾಗ? ಈ ಪ್ರಶ್ನೆಯನ್ನು ಎದುರಿಸಿದಾಗೆಲ್ಲ ನಾನು ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್ ಎಂಬ ಪುಟ್ಟ ಊರಿನ ಕಥೆ ಹೇಳುತ್ತೇನೆ. 1857, 1881, 1901, 1922, 1934, 1966. ಇಷ್ಟು ಸಲ ಅಲ್ಲಿ 6ರ ಆಸುಪಾಸಿನ ಕಂಪನ ಬಂದಿತ್ತು, ಸರಾಸರಿ 22 ವರ್ಷಕ್ಕೊಂದು. ಮುಂದಿನದು 1993ರ ಒಳಗೆ ಬರುತ್ತದೆಂದು 1985ರಲ್ಲಿ ಲೆಕ್ಕ ಹಾಕಿ, ಸೀಳಿನ ಉದ್ದಕ್ಕೂ ಗೊತ್ತಿದ್ದ ಸಲಕರಣೆಗಳನ್ನೆಲ್ಲ ಹೂಡಿ ಕಾದರು. 1993 ಹೋಯಿತು. ಬಂದದ್ದು 2004ರ ಸೆಪ್ಟೆಂಬರ್ 28ರಂದು. ಅಷ್ಟೂ ಸಲಕರಣೆಗಳಲ್ಲಿ ಮುನ್ಸೂಚನೆ ಎನ್ನುವಂಥದ್ದು ಏನೂ ದಾಖಲಾಗಿರಲಿಲ್ಲ. ಬಹಳ ಶಿಸ್ತಿನದೆಂದು ನಂಬಿದ್ದ ಸೀಳು ಅದು. ಚೀನಾದಲ್ಲಿ 1975ರ ಫೆಬ್ರವರಿಯಲ್ಲಿ ಹೈಚೆಂಗ್ ಊರಿನವರನ್ನು ಮೊದಲೇ ಹೊರಗೆ ಕಳಿಸಿ ಬಹಳ ಜೀವ ಉಳಿಸಿದರು. ಅಲ್ಲಿ ಮೊದಲು ಸಣ್ಣ ಕಂಪನಗಳು ಸಾಲಾಗಿ ಬಂದಿದ್ದವು. ಮರುವರ್ಷ ಜುಲೈನಲ್ಲಿ ತಾಂಗ್‌ಶಾನ್‌ನಲ್ಲಿ ಅಂಥದ್ದೇನೂ ಬರಲಿಲ್ಲ, ಲಕ್ಷಗಟ್ಟಲೆ ಜನ ಸತ್ತರು.

ಯಾವ ಅಳತೆಯ ಭೂಕಂಪವಾದರೂ ಸೀಳಿನ ಮೇಲಿನ ಬಿಗಿತ ತಗ್ಗುವುದು ಬಹುಮಟ್ಟಿಗೆ ಒಂದೇ ಸಮ, ಕೆಲವು ಮೆಗಾಪಾಸ್ಕಲ್. ದೊಡ್ಡದರಲ್ಲಿ ಬಿರುಕು ಹೆಚ್ಚು ದೂರ ಓಡುತ್ತದೆ, ಅಷ್ಟೇ. ಎಷ್ಟು ದೂರ ಓಡುತ್ತದೆಂಬುದು ದಾರಿಯಲ್ಲಿ ಎದುರಾಗುವ ಕಲ್ಲಿಗೆ ಸೇರಿದ್ದು. ಆರಂಭದಲ್ಲೇ ಅದು ತೀರ್ಮಾನವಾಗಿರುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಹಾಗಿದ್ದಮೇಲೆ ದಿನ, ವಾರ ಹೇಳುವವರನ್ನು ನಂಬಬೇಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಈ ಮಾತು ಹೇಳಿ ಸುಮ್ಮನಾಗುವುದು ನನಗೆ ಎಂದೂ ಸುಲಭವಾಗಿಲ್ಲ.

ಹಾಗಾಗಿಯೇ ಕೊಯ್ನಾದಲ್ಲಿ ಸೀಳಿನ ಹತ್ತಿರಕ್ಕೇ ಕೊರೆಯುವ ಯೋಜನೆ ಶುರುವಾದಾಗ ನನಗೆ ಆದ ಸಂತೋಷ ದೊಡ್ಡದು. ಪ್ರಯೋಗಾಲಯದ ಇಟ್ಟಿಗೆಯಲ್ಲಿ ಅಳೆದದ್ದು ನೆಲದೊಳಗೂ ನಿಜವೇ ಎಂದು ನೋಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿನ ಕಂಪನಗಳು ಹತ್ತು ಕಿಲೋಮೀಟರ್ ಆಳದೊಳಗೇ ಹುಟ್ಟುತ್ತವೆ, ಒಂದೇ ಜಾಗಕ್ಕೆ ಸೀಮಿತವಾಗಿವೆ, ಪ್ರತಿವರ್ಷ ಬರುತ್ತವೆ. ಕರಾಡದಲ್ಲಿ ಇದಕ್ಕೆಂದೇ ಪ್ರಯೋಗಾಲಯ ಎದ್ದಿತು. 2017ರಲ್ಲಿ ಗೋಥಣೆಯ ಬಳಿ ಮೂರು ಕಿಲೋಮೀಟರ್ ಆಳದ ಮೊದಲ ಬಾವಿ ಮುಗಿಯಿತು. ಕೊರೆದು ತೆಗೆದ ಕಲ್ಲಿನ ಉರುಳೆಗಳನ್ನು ನೋಡಲು ಕರಾಡಕ್ಕೆ ಹೋಗಿದ್ದೆ. ಮೇಲಿನ ಕಪ್ಪುಕಲ್ಲಿನ ಪೆಟ್ಟಿಗೆಗಳನ್ನು ದಾಟಿ ತಳದ ಬಂಡೆಯ ಪೆಟ್ಟಿಗೆಗೆ ಬಂದಾಗ, ಬೂದು ಮತ್ತು ನಸುಗೆಂಪಿನ ಪಟ್ಟೆಗಳ ಆ ಉರುಳೆಯನ್ನು ಕೇಳಿ ಕೈಗೆ ತೆಗೆದುಕೊಂಡೆ. ಅಡ್ಡಲಾಗಿ ಒಂದು ಒಡಕಿತ್ತು. ಒಡಕಿನ ಮೈ ನುಣುಪಾಗಿ, ಒಂದೇ ದಿಕ್ಕಿಗೆ ಗೀರು ಗೀರಾಗಿತ್ತು. ಎಂದೋ ಜಾರಿದ್ದರ ಗುರುತು ಅದು. ಬಹಳ ಹೊತ್ತು ಹಿಡಿದುಕೊಂಡಿದ್ದೆ. ಅಲ್ಲಿದ್ದ ತರುಣ ಸಂಶೋಧಕಿ ಕುರ್ಚಿ ತಂದುಕೊಟ್ಟಳು.

2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವರದ ಸುತ್ತ ನೆಲ ಅಲುಗತೊಡಗಿತು. ದೊಡ್ಡದು ಅಂದರೆ 4ರ ಆಸುಪಾಸು. ಜನರನ್ನು ಹೆಚ್ಚು ಹೆದರಿಸಿದ್ದು ನೆಲದೊಳಗಿನಿಂದ ಬರುವ ಸದ್ದು. ಕಂಪನ ಬಹಳ ಮೇಲ್ಮಟ್ಟದಲ್ಲಿ ಹುಟ್ಟಿದಾಗ ಅದರ ಮೊದಲ ಅಲೆ ಗಾಳಿಗೆ ದಾಟಿ ಕಿವಿಗೆ ಸ್ಫೋಟದಂತೆ ಕೇಳುತ್ತದೆ. ಸದ್ದು ಕೇಳಿಸಿತೆಂದರೆ ಅದು ದೊಡ್ಡದೆಂದಲ್ಲ, ಹತ್ತಿರದ್ದೆಂದು ಅರ್ಥ. ಬಹಳ ಮಂದಿ ಊರು ಬಿಟ್ಟಿದ್ದರು, ಉಳಿದವರು ಬಯಲಲ್ಲಿ ಮಲಗುತ್ತಿದ್ದರು. ನಮ್ಮ ಸೀಮೆಯದೇ ಸುದ್ದಿ, ಮನಸ್ಸು ತಡೆಯದೆ ಹೋದೆ.

ಆ ಕಡೆಯ ಒಂದು ಹಳ್ಳಿಯಲ್ಲಿ ಗುಡಿಯ ಕಟ್ಟೆಯ ಮೇಲೆ ಕೂತವರೆಲ್ಲ ಕೇಳಿದ್ದು ಒಂದೇ. “ಕಿಲ್ಲಾರಿ ಆದಂಗ ಆಗತದೇನ್ರಿ ಸರ?” ಕಿಲ್ಲಾರಿಯಲ್ಲಿಯೂ ಹಿಂದಿನ ವರ್ಷ ಹೀಗೇ ಆಗಿತ್ತೆಂಬುದು ಅವರಿಗೆ ನೆನಪಿತ್ತು. ಸುಳ್ಳು ಸಮಾಧಾನ ಹೇಳಲು ಬಾಯಿ ಬರಲಿಲ್ಲ. ಇಂಥ ಸಣ್ಣ ಕಂಪನಗಳ ಸಾಲು ಹೆಚ್ಚಿನ ಕಡೆ ತಾನಾಗಿ ತಣ್ಣಗಾಗುತ್ತದೆ, ಅಪರೂಪಕ್ಕೆ ದೊಡ್ಡದರ ಮುಂದೆ ಬರುತ್ತದೆ, ಯಾವುದು ಯಾವುದೆಂದು ಮೊದಲೇ ಹೇಳುವ ಅಳತೆ ಯಾರ ಕೈಯಲ್ಲೂ ಇಲ್ಲ ಎಂದೆ. ಆಮೇಲೆ ಅವರ ಮನೆಗಳನ್ನು ನೋಡಲು ಕೇಳಿದೆ.

ಅದೇ ಗೋಡೆ, ಎರಡು ಮುಖಗಳನ್ನು ಜೋಡಿಸಿ ಹಾಯುವ ಉದ್ದನೆಯ ಕಲ್ಲು ಒಂದೂ ಇಲ್ಲ. ಅದೇ ಮಾಳಿಗೆ. ಹಿರಿಯರೊಬ್ಬರ ಮನೆಯಲ್ಲಿ ಬೆಳಕಿಂಡಿಯ ಅಂಚಿನಲ್ಲಿ ಮಣ್ಣಿನ ದಪ್ಪ ಅಳೆದೆವು, ಒಂದು ಮೊಳ. ಕೋಣೆ ಹತ್ತಡಿ ಅಗಲ, ಹದಿಮೂರಡಿ ಉದ್ದ. ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿ ತೋರಿಸಿದೆ: ಆ ಒಂದು ಕೋಣೆಯ ಮೇಲೆ ಒಂಬತ್ತು ಟನ್ನಿಗೆ ಹತ್ತಿರ ಮಣ್ಣಿದೆ, ಮೂರು ಟ್ರ್ಯಾಕ್ಟರ್ ಲೋಡು. ನೆಲ ಪಕ್ಕಕ್ಕೆ ಎಳೆದಾಗ ಈ ಭಾರವನ್ನೆಲ್ಲ ಗೋಡೆ ತಡೆಯಬೇಕು. ಭಾರ ಅರ್ಧವಾದರೆ ಗೋಡೆಯ ಮೇಲೆ ಬೀಳುವ ಎಳೆತವೂ ಅರ್ಧ.

ಅವರು ಮಾಳಿಗೆಯನ್ನೊಮ್ಮೆ ನೋಡಿದರು. “ಹಂಗಾರ ಎಷ್ಟು ತೆಗೀಬೇಕ್ರಿ?”

“ಒಂದು ಗೇಣು ಬಿಟ್ಟು ಉಳಿದದ್ದು ತೆಗೀರಿ. ಸೋರಬಾರದಂದ್ರ ಅಷ್ಟು ಸಾಕು.”

“ಜ್ವಾಳದ ಬಿತ್ತಿಗಿ ಮುಗದ ಮ್ಯಾಲ ಆಳು ಸಿಗತಾವ.”

ಬಿತ್ತಿಗೆಯ ತನಕ ಕಾಯಬೇಡಿ, ಮಳೆ ನಿಂತಿದೆ, ಈ ವಾರವೇ ಶುರುಮಾಡಿ ಎಂದೆ. ಯಾವ ಕೋಣೆ ಮೊದಲು ಎಂದು ಅವರ ಮಗ ಕೇಳಿದ. ಮಕ್ಕಳು ಮಲಗುವ ಕೋಣೆ ಯಾವುದು ಎಂದು ನಾನು ಕೇಳಿದೆ. ಅವನು ಏಣಿ ತರಲು ಹೋದ.